ಹಳೆ ಕಾರಿಗೆ ರೇಡಿಯೇಟರ್: ಟ್ಯಾಂಕು ನಿಮ್ಮದೇ ಇರಲಿ, ಕೋರ್ ಹೊಸದಾಗಲಿ

ಹಳೆ ಕಾರು ಕಾಯತೊಡಗಿದರೆ ಮೊದಲು ಬೈಸಿಕೊಳ್ಳುವುದು ರೇಡಿಯೇಟರ್. ಎಂಜಿನ್ನಿನ ಬಿಸಿನೀರನ್ನು ತಣಿಸುವ ಇದರಲ್ಲಿ ಮೇಲೆ ಕೆಳಗೆ ಎರಡು ಟ್ಯಾಂಕು, ನಡುವೆ ಕೋರ್: ನೀರು ಹರಿಯುವ ಸಣ್ಣ ಟ್ಯೂಬುಗಳು, ಅವಕ್ಕೆ ಅಂಟಿ ಬಿಸಿಯನ್ನು ಗಾಳಿಗೆ ಬಿಡುವ ತೆಳು ಫಿನ್ನುಗಳು. ಇಡೀ ರೇಡಿಯೇಟರನ್ನು ಬಿಚ್ಚಿ ಗುಜರಿಗೆ ಹಾಕಿ, ಹೊಸದು ತಂದು ಕೂರಿಸಿದ ಮೇಲೂ ಸೂಜಿ ಕೆಂಪಿಗೇ ಹೋದಾಗ ಥರ್ಮೋಸ್ಟಾಟ್, ಟೈಮಿಂಗ್, ಫ್ಯಾನ್ ಬೆಲ್ಟ್ ಎಲ್ಲ ನೆನಪಾಗುತ್ತವೆ. ಅಷ್ಟರಲ್ಲಿ ಮೂಲ ರೇಡಿಯೇಟರಿನ ಹಿತ್ತಾಳೆ ಟ್ಯಾಂಕುಗಳು ಕರಗಿಸುವವರ ಒಲೆ ಸೇರಿರುತ್ತವೆ. ಅಂಬಾಸಿಡರ್, ಪದ್ಮಿನಿಗಾದರೆ ಮತ್ತೊಂದು ಹುಡುಕಬಹುದು. ಸ್ಟ್ಯಾಂಡರ್ಡ್ ಹೆರಾಲ್ಡ್, ಮಾರಿಸ್ ಮೈನರ್, ಆಸ್ಟಿನ್ ಸೆವೆನ್ ಇಟ್ಟವರಿಗೆ ಹೋದದ್ದು ಹೋದಂತೆಯೇ. ಹಾಗಾಗಿ ಮೊದಲ ಮಾತು: ಹೊಸ ರೇಡಿಯೇಟರ್ ಕೈಗೆ ಬಂದು ಸಾವಿರ ಕಿಲೋಮೀಟರ್ ಓಡುವ ತನಕ ಹಳೆಯದನ್ನು ಯಾರಿಗೂ ಕೊಡಬೇಡಿ.

ತಪ್ಪು ರೇಡಿಯೇಟರಿನದೇ?

ಗಾಡಿ ಯಾವಾಗ ಕಾಯುತ್ತದೆ ಎನ್ನುವುದರಲ್ಲೇ ಅರ್ಧ ಉತ್ತರ ಇದೆ. ಹುಬ್ಬಳ್ಳಿಯ ಹಳೆ ಬಸ್ ಸ್ಟ್ಯಾಂಡ್ ಸುತ್ತಲಿನ ಟ್ರಾಫಿಕ್ಕಿನಲ್ಲಿ ನಿಂತಾಗ ಕಾದು, ಧಾರವಾಡದ ಕಡೆ ಓಡಿಸಿದಾಗ ತಣ್ಣಗಾದರೆ ನೀರಿನ ಕಡೆ ತಪ್ಪಿಲ್ಲ, ಗಾಳಿಯ ಕಡೆ ಇದೆ: ಬೆಲ್ಟ್ ಸಡಿಲು, ಫ್ಯಾನ್ ಎಲೆ ತಿರುವುಮುರುವು, ಫ್ಯಾನಿನ ಸುತ್ತಲ ತಗಡಿನ ಕವಚ ಮಾಯ, ಅಥವಾ ಫಿನ್ನುಗಳ ನಡುವೆ ಕಸ. ಇದಕ್ಕೆ ಹೊಸ ರೇಡಿಯೇಟರ್ ಮದ್ದಲ್ಲ. ನಿಂತಾಗ ಸರಿಯಿದ್ದು, 60-70ರ ವೇಗದಲ್ಲಿ ಅಥವಾ ಏರು ಹತ್ತುವಾಗ ಕಾದರೆ ಟ್ಯೂಬುಗಳು ಕಟ್ಟಿವೆ ಎಂದು ಅನುಮಾನಿಸಬಹುದು. ಆದರೂ ಅದಕ್ಕೆ ಮೊದಲು ಕೆಳಗಿನ ಹೋಸ್ ನೋಡಿ. ಎಂಜಿನ್ ರೇಸ್ ಮಾಡಿದಾಗ ಅದು ಚಪ್ಪಟೆಯಾಗಿ ಒಳಗೆ ಎಳೆದುಕೊಂಡರೆ ಒಳಗಿನ ಸ್ಪ್ರಿಂಗ್ ತುಕ್ಕು ತಿಂದು ಹೋಗಿದೆ, ಪಂಪಿಗೆ ನೀರು ಸಿಗುತ್ತಿಲ್ಲ.

ಇನ್ನೊಂದು, ಥರ್ಮೋಸ್ಟಾಟ್: ನೀರು ಕಾದ ಮೇಲೆ ಮಾತ್ರ ರೇಡಿಯೇಟರಿನ ದಾರಿ ತೆರೆಯುವ ಕವಾಟ. ಅದನ್ನು ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ. ಮೇಲೆ 82 (ಡಿಗ್ರಿ) ಎಂದಿದ್ದರೆ ಅದರ ಆಸುಪಾಸಿನಲ್ಲಿ ಬಾಯಿ ಬಿಡತೊಡಗಬೇಕು. ಬಿಡದಿದ್ದರೆ ಹೊಸದು ಹಾಕಿ. ಕಿತ್ತೊಗೆಯುವುದು ನಮ್ಮ ಕಡೆಯ ಗ್ಯಾರೇಜುಗಳ ಸುಲಭದ ಚಾಳಿ. ಕೆಲವು ಎಂಜಿನ್‌ಗಳಲ್ಲಿ ತೆರೆದ ಥರ್ಮೋಸ್ಟಾಟೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದು ಇಲ್ಲದಿದ್ದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ. ಟೈಮಿಂಗ್ (ಪ್ಲಗ್ ಕಿಡಿ ಹೊಡೆಯುವ ಗಳಿಗೆ) ತಡವಾಗಿದ್ದರೂ, ಕಾರ್ಬುರೇಟರ್ ಪೆಟ್ರೋಲ್ ಕಡಿಮೆ ಕೊಡುತ್ತಿದ್ದರೂ ಗಾಡಿ ಕಾಯುತ್ತದೆ. ಎಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಎಡೆಬಿಡದೆ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ತಲೆಗೂ ನಡುವಿನ ಹಾಳೆ) ಹೋಗಿದೆ.

ಇವೆಲ್ಲ ಸರಿಯಿದ್ದರೆ ಮಾತ್ರ ರೇಡಿಯೇಟರ್ ಬಿಚ್ಚಿ. ಕೆಳಗಿನ ಬಾಯಿಗೆ ಅಂಗೈ ಒತ್ತಿ ಹಿಡಿದು ಮೇಲಿನವರೆಗೆ ನೀರು ತುಂಬಿ, ಕೈ ತೆಗೆಯಿರಿ. ಬಾಯಿ ತುಂಬ ಧೋ ಎಂದು ಸುರಿಯಬೇಕು. ಸಣ್ಣ ಧಾರೆಯಾಗಿ ಇಳಿದರೆ ಟ್ಯೂಬು ಕಟ್ಟಿದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದವರು ಬಿಚ್ಚುವ ಮೊದಲೇ ಬಿಸಿ ರೇಡಿಯೇಟರಿನ ಮೇಲೆ ಅಡ್ಡಡ್ಡ ಹಾಯಿಸಿ ನೋಡಬಹುದು. ಸುತ್ತ ಬಿಸಿಯಿದ್ದು ನಡುವೆ ಎಲ್ಲೋ ತಣ್ಣಗಿನ ಪಟ್ಟಿ ಸಿಕ್ಕಿದರೆ ಅಲ್ಲಿ ನೀರು ಹರಿಯುತ್ತಿಲ್ಲ.

ಆಮೇಲೆ ಹೆಬ್ಬೆರಳಿನ ಉಗುರಿನಿಂದ ಫಿನ್ನುಗಳನ್ನು ಮೆಲ್ಲಗೆ ಕೆರೆಯಿರಿ, ಕೆಳಗಿನ ಕಾಲು ಭಾಗದಲ್ಲಿ ಮತ್ತು ಫ್ಯಾನಿನ ಎದುರಿನಲ್ಲಿ. ಗಟ್ಟಿಯಾಗಿ ಬಾಗಿ ನಿಂತರೆ ಕೋರಿಗೆ ಜೀವ ಇದೆ. ಹಸಿರು ಪುಡಿಯಾಗಿ ಉದುರಿದರೆ, ಅಥವಾ ಟ್ಯೂಬಿನಿಂದ ಕಳಚಿಕೊಂಡು ಅಲುಗಾಡಿದರೆ, ಒಳಗೆ ಎಷ್ಟು ಚೊಕ್ಕ ಮಾಡಿದರೂ ಪ್ರಯೋಜನ ಇಲ್ಲ. ಟ್ಯೂಬಿನ ಬಿಸಿ ಫಿನ್ನಿಗೆ ದಾಟುವುದೇ ಇಲ್ಲ. ಫಿನ್ನು ಗಟ್ಟಿ ಇದ್ದು ಟ್ಯೂಬು ಮಾತ್ರ ಕಟ್ಟಿದ್ದರೆ ಕೋರ್ ಬದಲಿಸುವ ಅಗತ್ಯ ಇಲ್ಲ. ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ, ಒಂದೊಂದು ಟ್ಯೂಬಿಗೂ ಚಪ್ಪಟೆ ಸಲಾಕೆ ಹಾಯಿಸಿ, ತೊಳೆದು, ಟ್ಯಾಂಕನ್ನು ಮತ್ತೆ ಕೂರಿಸಿದರೆ ಸಾಕು. ಟ್ಯಾಂಕ್ ಎತ್ತಿದಾಗ ಟ್ಯೂಬುಗಳ ಬಾಯಲ್ಲಿ ಬಿಳಿ ಉಬ್ಬು ಉಪ್ಪು ಕಂಡರೆ ಅದು ಬೆಸುಗೆಯ ಸೀಸ ಕೊಳೆತು ಬಂದದ್ದು. ಕೂಲಂಟ್ ವರ್ಷಗಟ್ಟಲೆ ಬದಲಾಗಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ.

ಗಾಡಿ ಯಾವ ಕಾಲದ್ದು ಎಂಬುದು ಮುಖ್ಯ

ಫೋರ್ಡ್ ಮಾಡೆಲ್ ಟಿ, ಆಸ್ಟಿನ್ ಸೆವೆನ್‌ಗಳಂಥ ಗಾಡಿಗಳಲ್ಲಿ ನೀರಿನ ಪಂಪ್ ಇರುವುದಿಲ್ಲ. ಕಾದ ನೀರು ಹಗುರಾಗಿ ಮೇಲೇರುತ್ತದೆ, ತಣಿದದ್ದು ಕೆಳಗಿಳಿಯುತ್ತದೆ, ಓಟವೆಲ್ಲ ಅಷ್ಟರಿಂದಲೇ. ಇದಕ್ಕೇ ಥರ್ಮೋಸೈಫನ್ ಎನ್ನುವುದು. ಇಂಥ ಗಾಡಿಗಳಿಗೆ ಎತ್ತರದ ಕೋರ್, ದೊಡ್ಡ ಮೇಲ್ಟ್ಯಾಂಕ್, ನೀರನ್ನು ತಡೆಯದ ಅಗಲದ ಟ್ಯೂಬು ಬೇಕು. ಸಣ್ಣ ಟ್ಯೂಬಿನ ಹೊಸ ಕೋರ್ ಎಷ್ಟೇ ಚೆನ್ನಾಗಿ ಕಂಡರೂ ಇಲ್ಲಿ ಕೆಲಸ ಮಾಡುವುದಿಲ್ಲ. ಮೇಲಿನ ಹೋಸ್ ಎಂಜಿನ್ನಿನಿಂದ ರೇಡಿಯೇಟರಿನ ಕಡೆಗೆ ಏರುತ್ತಲೇ ಹೋಗಬೇಕು, ನೀರಿನ ಮಟ್ಟ ಆ ಹೋಸಿನ ಬಾಯಿಗಿಂತ ಮೇಲೆ ಇರಬೇಕು. ಬಾಯಿಗಿಂತ ಕೆಳಗಿಳಿಯಿತೆಂದರೆ ಸುತ್ತು ಅಲ್ಲಿಗೇ ಕಡಿಯಿತು.

ಆನಂತರದವು ಪಂಪ್ ಇದ್ದರೂ ಒತ್ತಡ ಇಲ್ಲದವು. ಅದಕ್ಕೂ ಈಚಿನವು 4 ಅಥವಾ 7 ಪೌಂಡಿನ (ಚದರ ಇಂಚಿಗೆ ಅಷ್ಟು ಪೌಂಡ್ ಒತ್ತಡ ತಡೆದಿಡುವ) ಮುಚ್ಚಳದವು. ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆ, ಧಾರವಾಡ ಇನ್ನೂ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ಒಂದೊಂದು ಪೌಂಡಿಗೂ ಕುದಿಯುವ ಬಿಂದು ಸುಮಾರು ಒಂದೂವರೆ ಡಿಗ್ರಿ ಏರುತ್ತದೆ. 7 ಪೌಂಡಿನ ಮುಚ್ಚಳವಿದ್ದರೆ 108ರ ಆಚೀಚೆ. ಹಾಗಾದರೆ 13 ಪೌಂಡಿನದು ಹಾಕಿಬಿಡೋಣ ಎನ್ನುವವರಿಗೆ ಕೊರತೆ ಇಲ್ಲ. ಈಗಿನ ಕಾರುಗಳ ಮುಚ್ಚಳದ ಮೇಲೆ 0.9 ಅಥವಾ 1.1 ಎಂದಿರುತ್ತದೆ, ಅದು ಬಾರ್ ಲೆಕ್ಕ, 0.9 ಅಂದರೆ ಸುಮಾರು 13 ಪೌಂಡೇ. ಹಳೆಯ ಟ್ಯಾಂಕಿನ ಮಡಿಕೆ, ಮೂಲೆಯ ಬೆಸುಗೆ, ಪಂಪಿನ ಸೀಲು ಅಷ್ಟು ಒತ್ತಡಕ್ಕೆ ಮಾಡಿದವಲ್ಲ. ಮೊದಲ ಘಾಟಿಯಲ್ಲೇ ಮೂಲೆ ಬಾಯಿ ಬಿಡುತ್ತದೆ. ಒತ್ತಡ ಗಾಡಿಯ ಪುಸ್ತಕದಲ್ಲಿ ಇದ್ದಷ್ಟೇ ಇರಲಿ.

ಮುಚ್ಚಳದ ಕಾಲಿನ ಉದ್ದವೂ ನೋಡಬೇಕಾದದ್ದೇ. ಬ್ರಿಟಿಷ್ ಮೂಲದ ಗಾಡಿಗಳಲ್ಲಿ ಮುಕ್ಕಾಲು ಇಂಚಿನ ಕುತ್ತಿಗೆ, ಒಂದು ಇಂಚಿನ ಕುತ್ತಿಗೆ ಎಂದು ಎರಡು ಬಗೆ ಇವೆ. ಉದ್ದ ಕುತ್ತಿಗೆಗೆ ಗಿಡ್ಡ ಮುಚ್ಚಳ ತಿರುಗಿಸಿದರೆ ಸರಿಯಾಗಿ ಕೂತಂತೆ ಕಾಣುತ್ತದೆ, ಒಳಗಿನ ರಬ್ಬರ್ ಮಾತ್ರ ಕೂತಿರುವುದಿಲ್ಲ. ಒತ್ತಡ ನಿಲ್ಲದೆ ಓವರ್‌ಫ್ಲೋ ಪೈಪಿನಿಂದ ನೀರು ಹೋಗುತ್ತಲೇ ಇರುತ್ತದೆ.

ಆಯ್ಕೆಗಳು

ನಮ್ಮ ತೀರ್ಪು ತಲೆಬರಹದಲ್ಲೇ ಇದೆ: ಮೂಲ ಟ್ಯಾಂಕು, ಪಕ್ಕದ ಪಟ್ಟಿ, ಬ್ರಾಕೆಟ್ ಉಳಿಸಿಕೊಂಡು ನಡುವಿನ ಕೋರನ್ನಷ್ಟೇ ತಾಮ್ರ-ಹಿತ್ತಾಳೆಯಲ್ಲಿ ಹೊಸದು ಮಾಡಿಸುವುದು. ಬೋಲ್ಟು, ಹೋಸು, ಗ್ರಿಲ್ಲು ಎಲ್ಲ ಇದ್ದಲ್ಲೇ ಕೂಡುತ್ತವೆ. ಟ್ರ್ಯಾಕ್ಟರ್, ಲಾರಿಗಳಿಗಾಗಿ ಈ ಕೆಲಸ ಮಾಡುವ ಕೈಗಳು ಹುಬ್ಬಳ್ಳಿಯಲ್ಲೂ ಗದಗದಲ್ಲೂ ಇವೆ. ಹಳೆ ಕಾರಿನದು ಅದಕ್ಕಿಂತ ಬೇರೆ ವಿದ್ಯೆಯೇನಲ್ಲ, ತಾಳ್ಮೆ ಮಾತ್ರ ಹೆಚ್ಚು ಬೇಕು.

ಅಂಬಾಸಿಡರ್, ಪದ್ಮಿನಿಗೆ ಪೂರ್ತಿ ರೇಡಿಯೇಟರ್ ಸಿಕ್ಕರೆ ಅದೂ ಸರಿ. ಆದರೆ ಗಾಡಿಯ ಹೆಸರು ಹೇಳಿ ತರಬೇಡಿ, ಎಂಜಿನ್ ಹೇಳಿ ತನ್ನಿ. ಅಂಬಾಸಿಡರ್ ಒಂದರಲ್ಲೇ 1489 ಸಿಸಿ ಪೆಟ್ರೋಲ್, ಡೀಸೆಲ್, ಆಮೇಲಿನ ಇಸುಝು ಎಂಜಿನ್ ಎಂದು ಬಗೆಗಳಿವೆ. ಹೋಸಿನ ಬಾಯಿ ಬಲಕ್ಕಿದೆಯೋ ಎಡಕ್ಕಿದೆಯೋ ನೋಡದೆ ತಂದರೆ ಇನ್ನೊಮ್ಮೆ ಅಂಗಡಿಗೆ ಹೋಗಬೇಕಾಗುತ್ತದೆ. ಗುಜರಿಯ ಹಳೆ ರೇಡಿಯೇಟರ್ ತರುವುದಿದ್ದರೆ ಟ್ಯಾಂಕಿಗಾಗಿ ತನ್ನಿ, ಕೋರಿನ ಭರವಸೆ ಬೇಡ.

ಅಲ್ಯೂಮಿನಿಯಂ ಹಗುರ. ಅಗಲ ಟ್ಯೂಬಿನ ಒಳ್ಳೆಯ ಅಲ್ಯೂಮಿನಿಯಂ ರೇಡಿಯೇಟರ್ ಚೆನ್ನಾಗಿಯೇ ತಂಪು ಮಾಡುತ್ತದೆ, ಅದರಲ್ಲಿ ವಾದವಿಲ್ಲ. ತೊಂದರೆ ಬೇರೆ ಕಡೆ ಇದೆ. ಹಳೆ ಗಾಡಿಯಲ್ಲಿ ರೇಡಿಯೇಟರನ್ನು ಬೋಲ್ಟಿನಿಂದ ಬಿಗಿಯಾಗಿ ಕಟ್ಟಿರುತ್ತಾರೆ. ಹಳ್ಳ ಬಿದ್ದ ರಸ್ತೆಯಲ್ಲಿ ಚಾಸಿ ತಿರುಚಿದಂತೆಲ್ಲ ಅಲ್ಯೂಮಿನಿಯಂ ವೆಲ್ಡು ಬಿರುಕು ಬಿಡುತ್ತದೆ. ಬಿಟ್ಟರೆ ದಾರಿಯಲ್ಲಿ ಬೆಸುಗೆ ಹಾಕಿಸಲಾಗದು, ಟಿಗ್ ವೆಲ್ಡಿಂಗ್ ಬೇಕು. ಎರಡನೆಯದು ವಿದ್ಯುತ್ತು. ಎಂಜಿನ್ನಿನ ಅರ್ತ್ ತಂತಿ ಸಡಿಲಿದ್ದರೆ ಕರೆಂಟು ನೀರಿನ ಮೂಲಕ ದಾರಿ ಹುಡುಕಿಕೊಂಡು ಅಲ್ಯೂಮಿನಿಯಂ ಗೋಡೆಯನ್ನು ತೂತು ಮಾಡುತ್ತದೆ. ಪರೀಕ್ಷೆ ಸುಲಭ: ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಅರ್ತ್ ಕಡೆಗೆ, ಇನ್ನೊಂದು ಲೋಹಕ್ಕೆ ತಾಗದಂತೆ ಕೂಲಂಟಿನೊಳಗೆ, ದೀಪ, ಸ್ಟಾರ್ಟರ್ ಎಲ್ಲ ಹಾಕಿದಾಗಲೂ 0.3 ವೋಲ್ಟ್ ದಾಟಬಾರದು. ದಾಟಿದರೆ ಮೊದಲು ಅರ್ತ್ ಸರಿಪಡಿಸಿ. ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ (ಬ್ಯಾಟರಿಯ ಪ್ಲಸ್ ಕಡೆಯೇ ಬಾಡಿಗೆ ಜೋಡಿಸಿದ್ದು) ಇರುತ್ತದೆ ಎನ್ನುವುದೂ ನೆನಪಿರಲಿ.

2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಗಾಡಿ ಮೂಲ ರೂಪದಲ್ಲಿರಬೇಕು, ದೊಡ್ಡ ಬದಲಾವಣೆ ಆಗಿರಬಾರದು ಎನ್ನುವುದು ಷರತ್ತು. ಈಗಿನ ಸಣ್ಣ ಕಾರಿನ ರೇಡಿಯೇಟರ್ ಹೊಂದಿಸಲು ಮುಂಭಾಗದ ತಗಡು ಕತ್ತರಿಸುವ ಮೊದಲು ಇದನ್ನೊಮ್ಮೆ ಯೋಚಿಸಿ. ಕತ್ತರಿಸಿದ ತಗಡು ಮತ್ತೆ ಕೂಡುವುದಿಲ್ಲ.

ಕೋರ್ ಹೇಳಿ ಮಾಡಿಸುವಾಗ

'ನಾಕ್ ಸಾಲಿಂದ ಹಾಕ್ರಿ, ತಣ್ಣಗಿರ್ತದ' ಎನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಸಾಲು ಎಂದರೆ ಕೋರಿನಲ್ಲಿ ಒಂದರ ಹಿಂದೊಂದು ನಿಂತ ಟ್ಯೂಬುಗಳ ಸಾಲು. ಎರಡು ಸಾಲಿನಿಂದ ಮೂರಕ್ಕೆ ಹೋದರೆ ಲಾಭ ಕಾಣುತ್ತದೆ. ನಾಲ್ಕನೆಯ ಸಾಲಿಗೆ ತಲುಪುವ ಹೊತ್ತಿಗೆ ಗಾಳಿ ಮುಂದಿನ ಮೂರು ಸಾಲಿನ ಬಿಸಿ ಹೊತ್ತಿರುತ್ತದೆ, ದಪ್ಪ ಕೋರಿನಲ್ಲಿ ಹಾದುಹೋಗುವ ಗಾಳಿಯೂ ಕಡಿಮೆ. ಹಳೆ ಗಾಡಿಯ ಎರಡು-ನಾಲ್ಕು ಎಲೆಯ ಫ್ಯಾನು ಅದನ್ನು ಎಳೆಯಲಾರದು. ಮೇಲಾಗಿ ಕೋರ್ ದಪ್ಪವಾದಷ್ಟೂ ಫ್ಯಾನಿಗೆ ಹತ್ತಿರ ಬರುತ್ತದೆ. ಮೊದಲು ಇದ್ದಷ್ಟೇ ಸಾಲು, ಹೆಚ್ಚೆಂದರೆ ಒಂದು ಜಾಸ್ತಿ. ಅದಕ್ಕಿಂತ ಫ್ಯಾನಿಗೆ ಕವಚ ಮಾಡಿಸಿದರೆ ಉಪಯೋಗ ಹೆಚ್ಚು.

ಫಿನ್ನಿನ ದಟ್ಟಣೆಯಲ್ಲಿ ನಮ್ಮ ಊರಿನ ಲೆಕ್ಕವೇ ಬೇರೆ. ಇಂಚಿಗೆ 14 ಫಿನ್ನಿನ ಕೋರ್ ಕಾಗದದ ಮೇಲೆ ಚೆನ್ನಾಗಿ ತಂಪು ಮಾಡುತ್ತದೆ. ಆದರೆ ಸುಗ್ಗಿಯಲ್ಲಿ ಗದಗ, ನವಲಗುಂದದ ಕಡೆ ಡಾಂಬರಿನ ಮೇಲೆಯೇ ಒಕ್ಕಣೆಗೆ ಹಾಸಿರುತ್ತಾರೆ. ಹೊಟ್ಟು, ಹತ್ತಿ ಲಾರಿಯಿಂದ ಹಾರುವ ಅರಳೆ, ಎರೆಮಣ್ಣಿನ ಧೂಳು ಎಲ್ಲ ಸೇರಿ ದಟ್ಟ ಫಿನ್ನನ್ನು ಕಂಬಳಿಯಂತೆ ಮುಚ್ಚುತ್ತವೆ. ಇಂಚಿಗೆ 10ರಿಂದ 12 ಸಾಕು. ಧೂಳಿನಲ್ಲೇ ಹೆಚ್ಚು ಓಡುವ ಜೀಪಿಗೆ 8-10.

ಜೇನುಗೂಡಿನ ಆಕಾರದ ಕೋರ್ ಇರುವ ಯುದ್ಧಪೂರ್ವದ ಗಾಡಿಗೆ ಅದೇ ಬಗೆ ಮಾಡಿಸುವುದು ಕಷ್ಟ, ದುಬಾರಿ. ಕೋರ್ ಹೊರಗೆ ಕಾಣದ ಗಾಡಿಯಾದರೆ ಟ್ಯೂಬ್-ಫಿನ್ ಕೋರಿಗೆ ಬದಲಾಯಿಸಿ. ಹಿತ್ತಾಳೆ ರೇಡಿಯೇಟರೇ ಗಾಡಿಯ ಮುಖವಾಗಿದ್ದರೆ ದುಡ್ಡು ಕೂಡಿಸಿಕೊಂಡು ಕಾಯುವುದೇ ಲೇಸು.

ಅಳತೆ

ಹಳೆಯದನ್ನು ಬಿಚ್ಚುವ ಮೊದಲೇ ಗಾಡಿಯಲ್ಲಿದ್ದಂತೆ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಬಿಚ್ಚಿದ ಮೇಲೆ ಮಿಲಿಮೀಟರಿನಲ್ಲಿ ಬರೆದುಕೊಳ್ಳಬೇಕಾದವು ಇಷ್ಟು:

- ಕೋರಿನ ಎತ್ತರ (ಎರಡು ಟ್ಯಾಂಕುಗಳ ನಡುವೆ), ಅಗಲ, ದಪ್ಪ. ಟ್ಯಾಂಕ್ ಸೇರಿಸಿ ಒಟ್ಟು ಎತ್ತರ
- ಮೇಲಿನ, ಕೆಳಗಿನ ಪೈಪಿನ ಹೊರವ್ಯಾಸ, ಯಾವ ಕಡೆ, ಎಷ್ಟು ಓರೆ
- ಬ್ರಾಕೆಟ್ ತೂತುಗಳ ನಡುವಿಂದ ನಡುವಿಗೆ ದೂರ
- ಫ್ಯಾನಿನ ತುದಿಯಿಂದ ಕೋರಿಗೆ ಇರುವ ಜಾಗ
- ಮುಚ್ಚಳದಿಂದ ಬಾನೆಟ್‌ಗೆ ಇರುವ ಜಾಗ
- ಓವರ್‌ಫ್ಲೋ ಪೈಪ್, ನೀರು ಬಿಡುವ ನಲ್ಲಿ ಇರುವ ಸ್ಥಾನ

ಫ್ಯಾನಿಗೂ ಕೋರಿಗೂ ಕನಿಷ್ಠ 20-25 ಮಿ.ಮೀ. ಬಿಡಿ. ಜೋರಾಗಿ ಬ್ರೇಕ್ ಹಾಕಿದಾಗ ಸವೆದ ರಬ್ಬರಿನ ಮೇಲೆ ಕೂತ ಎಂಜಿನ್ ಮುಂದಕ್ಕೆ ಜಾರುತ್ತದೆ. ಜಾಗ ಕಡಿಮೆಯಿದ್ದರೆ ಫ್ಯಾನು ಕೋರನ್ನು ದುಂಡಗೆ ಕೊರೆದು ಬಿಡುತ್ತದೆ. ಹ್ಯಾಂಡಲ್ ಹಾಕಿ ಸ್ಟಾರ್ಟ್ ಮಾಡುವ ಗಾಡಿಯಾದರೆ ಆ ಹ್ಯಾಂಡಲ್ ಹೋಗುವ ದಾರಿಯನ್ನು ಅಳತೆಯಲ್ಲಿ ಸೇರಿಸಿ. ಕೆಲವದರಲ್ಲಿ ಅದು ಕೋರಿನ ನಡುವೆಯೇ ತೂತಾಗಿ ಹೋಗುತ್ತದೆ. ಮರೆತು ಮಾಡಿಸಿದರೆ ಬ್ಯಾಟರಿ ಕೈಕೊಟ್ಟ ದಿನ ಗೊತ್ತಾಗುತ್ತದೆ.

ಅಂಗಡಿಯಲ್ಲಿ

ಟ್ಯಾಂಕುಗಳ ಒಳಮೈಯಲ್ಲಿ ಪಂಚಿನಿಂದ ನಿಮ್ಮದೊಂದು ಗುರುತು ಹೊಡೆಯಿರಿ. ತಾಮ್ರ-ಹಿತ್ತಾಳೆಗೆ ತೂಕದ ಬೆಲೆ ಇದೆ. ಹಳೆ ಕೋರ್ ಅಂಗಡಿಯವರೇ ಇಟ್ಟುಕೊಳ್ಳುವುದಾದರೆ ನಿಮ್ಮೆದುರೇ ತೂಗಿ ಬಿಲ್ಲಿನಲ್ಲಿ ಕಳೆಯಲು ಹೇಳಿ. ಮಾತು ಮೊದಲೇ ಆಗಬೇಕು, ಕೆಲಸ ಮುಗಿದ ಮೇಲಲ್ಲ.

ಟ್ಯಾಂಕ್ ಬಿಡಿಸಿ ತೊಳೆದ ಮೇಲೆ, ಹೊಸ ಕೋರಿಗೆ ಕೂರಿಸುವ ಮೊದಲು ಒಮ್ಮೆ ಹೋಗಿ ನೋಡಿ. ಪೈಪಿನ ಬುಡ, ಮೂಲೆ, ಮುಚ್ಚಳದ ಕುತ್ತಿಗೆ, ಈ ಮೂರು ಕಡೆ ಕೂದಲೆಳೆಯ ಬಿರುಕು ಇರುತ್ತದೆ. ಮೇಲೆ ಬೆಸುಗೆ ಮೆತ್ತಿದ ಹಳೆಯ ರಿಪೇರಿಗಳನ್ನು ಕೆರೆದು ತೆಗೆಸಿ, ಹಿತ್ತಾಳೆ ತೇಪೆ ಇಟ್ಟು ಬೆಸುಗೆ ಹಾಕಿಸಿ. ಮುಗಿದ ಮೇಲೆ ಬಾಯಿಗಳನ್ನು ಮುಚ್ಚಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಬಿಡಬೇಕು: 7 ಪೌಂಡಿನ ಮುಚ್ಚಳದ ಗಾಡಿಗೆ 10 ಪೌಂಡ್, ಒತ್ತಡವಿಲ್ಲದ ಗಾಡಿಗೆ 3-4 ಪೌಂಡ್, ಐದು ನಿಮಿಷ. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಗಾಳಿ ನೇರ ಬಿಟ್ಟರೆ ಟ್ಯಾಂಕು ಉಬ್ಬಿ ಕೆಡುತ್ತದೆ. ನಡುವೆ ರೆಗ್ಯುಲೇಟರ್, ಗೇಜ್ ಇದೆಯೇ ನೋಡಿ.

ಬಣ್ಣ ತೆಳುವಾದ ಮ್ಯಾಟ್ ಕಪ್ಪು, ಒಂದೇ ಕೋಟು. ಪೌಡರ್ ಕೋಟಿಂಗಿಗೆ ಕೊಡಲೇಬೇಡಿ. ಅದರ ಓವನ್ 180-200 ಡಿಗ್ರಿಗೆ ಹೋಗುತ್ತದೆ, 60/40 (ತವರ-ಸೀಸದ) ಬೆಸುಗೆ 183ಕ್ಕೇ ಮೆತ್ತಗಾಗುತ್ತದೆ.

ಕೂರಿಸುವ ಮೊದಲು ಎಂಜಿನ್ ತೊಳೆಯಿರಿ

ಹೊಸ ಕೋರ್ ತಿಂಗಳೊಪ್ಪತ್ತಿನಲ್ಲೇ ಕಟ್ಟುವುದು ಈ ಹೆಜ್ಜೆ ಬಿಟ್ಟವರದು. ಎಂಜಿನ್ ಬ್ಲಾಕಿನ ಪಕ್ಕದ ಡ್ರೇನ್ ನಲ್ಲಿ ಬಿಚ್ಚಿ. ಬಿಚ್ಚಿದರೂ ನೀರು ಬರದಿದ್ದರೆ ತಂತಿ ಹಾಕಿ ಕೆದಕಿ, ಕೆಂಪು ಕೆಸರು ಇಳಿಯುತ್ತದೆ. ಥರ್ಮೋಸ್ಟಾಟ್ ತೆಗೆದು ಮೇಲಿನಿಂದ ಪೈಪಿನ ನೀರು ಬಿಟ್ಟು, ತಿಳಿನೀರು ಬರುವವರೆಗೆ ತೊಳೆಯಿರಿ, ಆಮೇಲೆ ಕೆಳಗಿನಿಂದ ಮೇಲಕ್ಕೂ. ಆದರೂ ತುಕ್ಕಿನ ಚೂರು ಉಳಿದಿರುತ್ತದೆ. ಮೊದಲ ನೂರಿನ್ನೂರು ಕಿಲೋಮೀಟರಿಗೆ ಮೇಲಿನ ಹೋಸಿನ ರೇಡಿಯೇಟರ್ ತುದಿಯಲ್ಲಿ ತೆಳು ನೈಲಾನ್ ಕಾಲುಚೀಲದ ತುಂಡು ಸಿಕ್ಕಿಸಿ, ಪ್ರತಿ 50 ಕಿಲೋಮೀಟರಿಗೆ ತೆಗೆದು ತೊಳೆಯಿರಿ. ಥರ್ಮೋಸೈಫನ್ ಗಾಡಿಗೆ ಇದು ಬೇಡ, ಹರಿವು ನಿಂತುಹೋಗುತ್ತದೆ.

ಬೋರ್‌ವೆಲ್ ನೀರು ಹಾಕಬೇಡಿ. ಬಚ್ಚಲ ಹಂಡೆಯೊಳಗೆ ಕಟ್ಟುವ ಬಿಳಿ ಪದರವೇ ಟ್ಯೂಬಿನೊಳಗೂ ಕಟ್ಟುತ್ತದೆ. ಬ್ಯಾಟರಿ ನೀರು ಅಥವಾ ಆರ್‌ಒ ನೀರು ಬಳಸಿ. ಅದನ್ನೂ ಬರಿದಾಗಿ ಹಾಕಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಎರಡು ಪಾಲು ನೀರಿಗೆ ಒಂದು ಪಾಲು ಹಳೆ ಬಗೆಯ ಹಸಿರು ಕೂಲಂಟ್ ಬೆರೆಸಿ. ನಮ್ಮಲ್ಲಿ ಹಿಮದ ಭಯವಿಲ್ಲ, ಕೂಲಂಟ್ ಬೇಕಿರುವುದು ತುಕ್ಕಿಗಾಗಿ. ಈಗಿನ ಕಾರುಗಳ ದೀರ್ಘಾವಧಿ ಕೂಲಂಟುಗಳಲ್ಲಿ ಹಲವು ಸೀಸದ ಬೆಸುಗೆಗೆ ಒಗ್ಗುವುದಿಲ್ಲ; ಡಬ್ಬಿಯ ಮೇಲೆ ತಾಮ್ರ, ಹಿತ್ತಾಳೆ, ಬೆಸುಗೆಗೆ ಸರಿ ಎಂದು ಬರೆದದ್ದನ್ನೇ ತನ್ನಿ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಕೂರಿಸಿ ಓಡಿಸುವುದು

ಬ್ರಾಕೆಟ್ ಕೆಳಗೆ ಹೊಸ ರಬ್ಬರ್ ಇರಲಿ. ಬೋಲ್ಟುಗಳನ್ನು ಕೈಯಿಂದ ತಿರುಗಿಸಿದಾಗಲೇ ಎಲ್ಲ ತೂತು ಕೂಡಬೇಕು. ಸಲಾಕೆ ಹಾಕಿ ಎಳೆದು ಕೂಡಿಸಿದರೆ ಆ ಎಳೆತ ಬೆಸುಗೆಯಲ್ಲೇ ಉಳಿದು ಮುಂದೆ ಸೋರುತ್ತದೆ. ಹೋಸ್, ಕ್ಲಿಪ್ ಹೊಸದು ಹಾಕಿ. ಬೆಲ್ಟನ್ನು ಉದ್ದ ಓಟದ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 12 ಮಿ.ಮೀ. ಇಳಿಯಬೇಕು.

ಗಾಡಿಯ ಮೂತಿ ಸ್ವಲ್ಪ ಎತ್ತರಕ್ಕಿರಲಿ. ನಿಧಾನಕ್ಕೆ ತುಂಬಿ, ನಡುನಡುವೆ ಮೇಲಿನ ಹೋಸ್ ಹಿಚುಕಿ ಗಾಳಿ ಬಿಡಿಸಿ. ಕುತ್ತಿಗೆಯಿಂದ 25 ಮಿ.ಮೀ. ಕೆಳಗೆ ನಿಲ್ಲಿಸಿ. ಓವರ್‌ಫ್ಲೋ ನೇರ ನೆಲಕ್ಕಿರುವ ಗಾಡಿಯಲ್ಲಿ ಗಂಟಲವರೆಗೆ ತುಂಬಿದರೆ ಕಾದಾಗ ಹೆಚ್ಚಾದದ್ದನ್ನು ಅದೇ ಉಗುಳುತ್ತದೆ. ಅದನ್ನು ಕಂಡು ಸೋರಿಕೆ ಎಂದು ಹೆದರಿ ಮತ್ತೆ ತುಂಬುವವರು, ಮತ್ತೆ ಉಗುಳಿಸಿಕೊಳ್ಳುತ್ತಾರೆ, ಅಷ್ಟೆ.

ಮಧ್ಯಾಹ್ನದ ಬಿಸಿಲಿನಲ್ಲಿ 20 ನಿಮಿಷ ನಿಂತಲ್ಲೇ ಓಡಿಸಿ, ತಣಿದ ಮೇಲೆ ಕ್ಲಿಪ್ಪುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಆಮೇಲೆ ಹುಬ್ಬಳ್ಳಿ-ಧಾರವಾಡ ಒಂದು ಸುತ್ತು. ನಿಜವಾದ ಪರೀಕ್ಷೆ ಬೇಕೆನ್ನುವವರಿಗೆ ಯಲ್ಲಾಪುರದಾಚೆ ಅರಬೈಲ್ ಘಾಟಿ ಇದೆ. ಇಳಿಯುವುದರಲ್ಲಿ ಏನೂ ತಿಳಿಯದು. ಅಂಕೋಲೆ ಕಡೆಯಿಂದ ಲಾರಿಯ ಹಿಂದೆ ಎರಡನೇ ಗೇರಿನಲ್ಲಿ ಹತ್ತುವಾಗ, ಅದೂ ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿದ್ದರೆ, ಕೋರಿನ ಮೂಲಕ ಹೋಗುವ ಗಾಳಿಯೆಲ್ಲ ಫ್ಯಾನಿನದೇ. ಅಲ್ಲಿ ಸೂಜಿ ಏರಿ ಒಂದು ಕಡೆ ನಿಂತರೆ ಕೋರ್ ಸರಿಯಾಗಿದೆ. ಏರುತ್ತಲೇ ಹೋದರೆ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸದೆ ಒಂದೆರಡು ನಿಮಿಷ ತುಸು ರೇಸಿನಲ್ಲಿ ಬಿಡಿ. ಮುಚ್ಚಳಕ್ಕೆ ಕೈ ಹಾಕಬೇಡಿ, ಕಾದ ಬ್ಲಾಕಿನ ಮೇಲೆ ತಣ್ಣೀರು ಸುರಿಯಬೇಡಿ. ಸೂಜಿ ಇಳಿದರೆ ಫ್ಯಾನಿನ ಕವಚ, ಬೆಲ್ಟ್ ನೋಡಿ. ಇಳಿಯದಿದ್ದರೆ ಎಂಜಿನ್ ಆರಿಸಿ, ತಣಿದ ಮೇಲೆ ಟೈಮಿಂಗಿನಿಂದ ಮತ್ತೆ ಶುರು ಮಾಡಿ.

ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಫಿನ್ನು ತೊಳೆಯಿರಿ, ಎಂಜಿನ್ ಕಡೆಯಿಂದ ಹೊರಕ್ಕೆ, ಕೈತೋಟದ ಪೈಪಿನ ನೀರಿನಿಂದ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಹಿಡಿದರೆ ಫಿನ್ನು ಮಲಗಿಬಿಡುತ್ತವೆ.